ಮಗಳಿಗೊಂದು ಪತ್ರ: ಆ ವರ್ಷದ ಮಳೆ

ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. "ಅಜ್ಜಿಯ ಕಾಸಿನ ಸರ ಮಾರಿಕೊಂಡು ಓಡಿಹೋದ ನಿಮ್ಮ ತಮ್ಮನಿಗೆ ಪಾಸ್ಕ (ಈಸ್ಟರ್) ಹಬ್ಬದ ಊಟ ಬಡಿಸ್ತೀರಾ ಅಪ್ಪಾ? ದೇವರು ತಪ್ಪು ಮಾಡಿದವರಿಗೂ ಒಳ್ಳೆಯದೇ ಮಾಡೋದಾದ್ರೆ ನಾವು ನೆಟ್ಟಗೆ ಬದುಕಿ ಏನು ಬಂತು?" ಅಂದೆ. ಫೋನ್ ಇಟ್ಟ ಮೇಲೆ ನಿಮ್ಮಮ್ಮ ಅತ್ತಳು. ನಾನು ಗದ್ದೆ ಕಡೆ ಹೋಗಿ ಬದುವಿನ ಮೇಲೆ ಸುಮ್ನೆ ಕೂತೆ. ಇಷ್ಟು ವರ್ಷ ನಿನಗೆ ಹೇಳದೆ ಉಳಿಸಿಕೊಂಡಿದ್ದ ಒಂದು ವಿಷಯ ಇದೆ. ಅದನ್ನು ಹೇಳದೆ ನಿನಗೆ ಉತ್ತರ ಕೊಡಲು ಆಗುವುದಿಲ್ಲ.

2003, ನೀನು ಹುಟ್ಟಿದ ವರ್ಷ. ಬರ. ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿ ಮುಟ್ಟಿದರೆ ಮಂಡ್ಯಕ್ಕೆ ಹಬ್ಬ, ಆ ವರ್ಷ ಕಟ್ಟೆ ತುಂಬಲಿಲ್ಲ. ನಾಲೆಯಲ್ಲಿ ಕಟ್ಟು ಪದ್ಧತಿಯ ನೀರು. ಒಬ್ಬೊಬ್ಬರಿಗೆ ಒಂದೊಂದು ಸರದಿ. ಪಕ್ಕದ ಗದ್ದೆ ತಾತನ ಸರದಿ ರಾತ್ರಿ ಹೊತ್ತು ಬರುತ್ತಿತ್ತು. ಅವರಿಗೆ ವಯಸ್ಸಾಗಿತ್ತು, ರಾತ್ರಿಯೆಲ್ಲ ಕಾಯುತ್ತಿರಲಿಲ್ಲ. ನಾನು ಸನಿಕೆ ತಗೊಂಡು ಹೋಗಿ ಅವರ ಕಾಲುವೆಗೆ ಮಣ್ಣು ಅಡ್ಡ ಕಟ್ಟಿ, ನಮ್ಮ ಕಡೆ ಬದು ಕಡಿದೆ. ಕತ್ತಲಲ್ಲಿ ನೀರು ನಮ್ಮ ಗದ್ದೆಗೆ ಇಳಿಯುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಬೆಳಕು ಹರಿಯುವ ಮುಂಚೆ ಎಲ್ಲ ಮೊದಲಿದ್ದ ಹಾಗೆ ಮುಚ್ಚಿ ಬಂದೆ.

ಮೂರು ಸರದಿ ಹೀಗೇ ಮಾಡಿದೆ ಪುಟ್ಟಿ. ಅವರ ಪೈರು ಕೆಂಪಗಾಯಿತು. ನಮ್ಮದು ಹಸಿರು. ತಾತ ಒಂದು ದಿನ ಬಂದು ನಮ್ಮ ಗದ್ದೆ ನೋಡಿ, "ನಿನ್ನ ಮಣ್ಣು ಚೆನ್ನಾಗಿದೆ ಕಣಪ್ಪ, ತೇವ ಹಿಡ್ಕೊಳ್ತದೆ" ಅಂದರು. ನಾನು ಹೂಂ ಅಂದೆ.

ಆಮೇಲೆ ಉತ್ತರೆ ಮಳೆ ಹಿಡಿಯಿತು. ಮಧ್ಯೆ ಒಂದೇ ಒಂದು ಬದು. ಆ ಕಡೆಗೂ ಈ ಕಡೆಗೂ ಒಂದೇ ಸಮ ಸುರಿಯಿತು. ದೇವರು ಕೆಟ್ಟವರಿಗೂ ಒಳ್ಳೆಯವರಿಗೂ ಬಿಸಿಲು ಕೊಡುತ್ತಾನೆ, ಮಳೆ ಕೊಡುತ್ತಾನೆ ಅಂತ ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಐದನೇ ಅಧ್ಯಾಯದಲ್ಲಿ ಇದೆಯಲ್ಲ, ಚಿಕ್ಕಂದಿನಿಂದ ಕೇಳಿದ್ದೆ. ಆ ಮಾತಿನಲ್ಲಿರುವ ಕೆಟ್ಟವನು ನಾನೇ ಅಂತ ಗೊತ್ತಾಗಿದ್ದು ಆವತ್ತು, ಜಗಲಿಯಲ್ಲಿ ನಿಂತು ಮಳೆ ನೋಡುವಾಗ. ದೇವರು ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಳೆ ಕೊಟ್ಟ. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ನಮ್ಮೂರ ಫಾದರ್ ಹತ್ತಿರ ಹೇಳಲು ನಾಚಿಕೆ. ಒಂದು ಮಂಗಳವಾರ ದೋರನಹಳ್ಳಿಗೆ ಹೋಗಿ, ಸಂತ ಅಂತೋಣಿಯವರ ಚರ್ಚಿನಲ್ಲಿ ಪಾಪನಿವೇದನೆ ಮಾಡಿದೆ. ಗುರುತಿಲ್ಲದ ಒಬ್ಬ ಫಾದರ್. ಕೇಳಿ, ಕ್ಷಮಾಪಣೆಯ ಪ್ರಾರ್ಥನೆ ಹೇಳಿ, "ಆ ನೀರಿನ ಬೆಲೆ ಆ ಮನೆಗೆ ಮುಟ್ಟಿಸು" ಅಂದರು. ಸುಗ್ಗಿ ಆದ ಮೇಲೆ ಭತ್ತದ ಮೂಟೆಗಳನ್ನು ಗಾಡಿಗೆ ಹೇರಿಕೊಂಡು ಹೋಗಿ ಎಲ್ಲ ಹೇಳಿದೆ. ತಾತ ಮೂಟೆ ಇಳಿಸಿಕೊಂಡರು. ಒಂದು ಮಾತೂ ಆಡಲಿಲ್ಲ. ಎರಡು ವರ್ಷ ನನ್ನ ಮುಖ ನೋಡಲಿಲ್ಲ. ಅದು ಸರಿಯಾಗೇ ಇತ್ತು. ದೇವರು ಕ್ಷಮಿಸಿದ ಅಂತ ತಾತನೂ ಕೂಡಲೇ ಕ್ಷಮಿಸಬೇಕು ಅನ್ನಲು ನಾನು ಯಾರು?

ಹಾಗಾಗಿ ನಿನ್ನ ಕೋಪ ತಪ್ಪು ಅಂತ ನಾನು ಹೇಳುವುದಿಲ್ಲ. ಅಜ್ಜಿ ಕೊನೆಗಾಲದಲ್ಲಿ ಕತ್ತು ತಡವಿ ತಡವಿ ಸರ ಹುಡುಕುತ್ತಿದ್ದುದನ್ನು ನಾನೂ ನೋಡಿದ್ದೇನೆ.

ಆದರೆ ಬೈಬಲಿನ ಜಕ್ಕಾಯನನ್ನು ನೆನಪು ಮಾಡಿಕೋ. ಸುಂಕದಲ್ಲಿ ಜನರನ್ನು ಸುಲಿದವನು. ಅವನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ ಮೇಲೆ ಯೇಸು ಅವನ ಮನೆಗೆ ಹೋದದ್ದಲ್ಲ. ಮರದ ಮೇಲೆ ಕೂತಿದ್ದವನನ್ನು ಮೊದಲು ಹೆಸರು ಹಿಡಿದು ಕರೆದರು, ಇವತ್ತು ನಿನ್ನ ಮನೆಯಲ್ಲೇ ಉಳಿಯಬೇಕು ಅಂದರು. ಕೊಡುವ ಮಾತು ಆಮೇಲೆ ಬಂತು. ನನಗೂ ಮೊದಲು ಬಂದಿದ್ದು ಮಳೆ, ಮೂಟೆ ಆಮೇಲೆ.

ಇದೆಲ್ಲ ಬೈಬಲ್ ಕಾಲದ ಮಾತು ಅನ್ನಬೇಡ. ಮಧ್ಯಪ್ರದೇಶದಲ್ಲಿ ಬಡ ರೈತರ ಪರ ನಿಂತಿದ್ದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಇರಿದು ಕೊಂದರು. 2002ರಲ್ಲಿ ಅವರ ಸ್ವಂತ ತಂಗಿ ಜೈಲಿಗೆ ಹೋಗಿ ಆ ಕೊಲೆಗಾರನ ಕೈಗೆ ರಾಖಿ ಕಟ್ಟಿದರು. ಇರಿದ ಅದೇ ಕೈ. ಏಳು ವರ್ಷ ಆಗಿತ್ತು, ನೋಡು. ಅವರಿಗೂ ಅದು ಒಂದೇ ದಿನದಲ್ಲಿ ಆದದ್ದಲ್ಲ.

ಪಾಲಿನ ಆಸ್ತಿ ಹಾಳುಮಾಡಿ ತಿರುಗಿ ಬಂದ ಕಿರಿಯ ಮಗನಿಗೆ ಅಪ್ಪ ಹಬ್ಬ ಮಾಡುತ್ತಾನಲ್ಲ, ಯೇಸು ಹೇಳಿದ ಆ ತಪ್ಪಿಹೋದ ಮಗನ ಕಥೆಯಲ್ಲಿ ನೀನು ಕೇಳಿದ ಪ್ರಶ್ನೆಯನ್ನೇ ಹಿರಿಯ ಮಗ ಕೇಳುತ್ತಾನೆ. ಇಷ್ಟು ವರ್ಷ ದುಡಿದೆ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಅನ್ನುತ್ತಾನೆ. 'ತಮ್ಮ' ಅನ್ನಲು ಅವನಿಗೆ ಬಾಯಿ ಬರುವುದಿಲ್ಲ, 'ಈ ನಿಮ್ಮ ಮಗ' ಅನ್ನುತ್ತಾನೆ. ನೀನೂ ಫೋನಿನಲ್ಲಿ 'ಚಿಕ್ಕಪ್ಪ' ಅನ್ನಲಿಲ್ಲ, 'ನಿಮ್ಮ ತಮ್ಮ' ಅಂದೆ. ಆ ಕಥೆಯ ಅಪ್ಪ ಹಿರಿಯವನನ್ನು ಗದರುವುದಿಲ್ಲ. ಕಿರಿಯವನಿಗಾಗಿ ದಾರಿಗೆ ಓಡಿದ ಹಾಗೆಯೇ ಇವನಿಗಾಗಿಯೂ ಹಬ್ಬದ ಮನೆ ಬಿಟ್ಟು ಹೊರಗೆ ಬರುತ್ತಾನೆ. "ನನ್ನದೆಲ್ಲಾ ನಿನ್ನದೇ ಅಲ್ವಾ ಮಗನೇ" ಅನ್ನುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ.

ಚಿಕ್ಕಪ್ಪ ಹಬ್ಬದ ದಿನ ಬರುತ್ತಾನೆ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ತೀರಿಸುತ್ತೇನೆ ಅಂದಿದ್ದಾನೆ. ತೀರಿಸದಿದ್ದರೆ ಕೇಳುತ್ತೇನೆ, ಬಿಡುವುದಿಲ್ಲ. ಆದರೆ ಎಲೆ ಮೊದಲು ಹಾಕುತ್ತೇನೆ.

ನೀನು ಬರಲೇಬೇಕು ಅಂತ ಒತ್ತಾಯ ಇಲ್ಲ. ಬಸ್ಸಿಳಿದು, ಒಳಗೆ ಬರಲು ಮನಸ್ಸಾಗದಿದ್ದರೆ, ಹುಣಸೆಮರದ ಹತ್ತಿರ ನಿಂತು ಒಂದು ಮಿಸ್ಡ್ ಕಾಲ್ ಕೊಡು. ನಾನು ಹೊರಗೆ ಬರುತ್ತೇನೆ.

ನಿನ್ನ
ಅಪ್ಪ