ಭಾನುವಾರದ ಮಾತುಕತೆ: ನೀಶ್ ಊರಿನ ರಾಡ್ನಿಚ್ಕಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 7ಕ್ಕೆ ನಮ್ಮ ಫುಟ್‌ಬಾಲ್ ಇತಿಹಾಸದ ಆನ್‌ಲೈನ್ ಮಾತುಕತೆ ಇದೆ. ಈ ಸಲ ಸರ್ಬಿಯಾದ ನೀಶ್ ಊರಿನ ರಾಡ್ನಿಚ್ಕಿ ಕ್ಲಬ್. ಹುಟ್ಟಿದ್ದು 1923ರಲ್ಲಿ, ಹೆಸರಿನ ಅರ್ಥವೇ ಕಾರ್ಮಿಕರದ್ದು ಅಂತ.

ಆ ಕಡೆಯ ಫುಟ್‌ಬಾಲ್ ಅಂದರೆ ಬೆಲ್‌ಗ್ರೇಡಿನ ರೆಡ್ ಸ್ಟಾರ್, ಪಾರ್ಟಿಜಾನ್ ಮಾತ್ರ ನೆನಪಾಗುತ್ತವೆ, ಅಲ್ವಾ? ಆದರೆ ಯುಗೊಸ್ಲಾವಿಯ ಇದ್ದ ಕಾಲದಲ್ಲಿ, 1981-82ರ ಯುಇಎಫ್‌ಎ ಕಪ್ ಅನ್ನೋ ಯುರೋಪಿನ ಕ್ಲಬ್‌ಗಳ ಟೂರ್ನಿಯಲ್ಲಿ, ಈ ತಂಡ ಸೆಮಿಫೈನಲ್‌ವರೆಗೆ ಹೋಗಿತ್ತು. ನಪೋಲಿ, ಗ್ರಾಸ್‌ಹಾಪರ್ಸ್, ಫೆಯೆನೂರ್ಡ್ ಮೂರನ್ನೂ ದಾಟಿತು. ಈ ಸುತ್ತುಗಳಲ್ಲಿ ಎರಡೂ ತಂಡಗಳ ಊರಿನಲ್ಲಿ ಒಂದೊಂದು ಪಂದ್ಯ, ಎರಡರ ಗೋಲು ಸೇರಿಸಿ ಲೆಕ್ಕ. ನನಗೆ ಜಾಸ್ತಿ ಇಷ್ಟ ಕ್ವಾರ್ಟರ್‌ಫೈನಲ್. ಸ್ಕಾಟ್ಲೆಂಡಿನಲ್ಲಿ ಡಂಡೀ ಯುನೈಟೆಡ್ ಎದುರು 0-2 ಸೋತು ಬಂದವರು, ತಮ್ಮ ಚಾಯಿರ್ ಮೈದಾನದಲ್ಲಿ 3-0 ಗೆದ್ದುಬಿಟ್ಟರು! ಆಮೇಲೆ ಸೆಮಿಫೈನಲ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್ ತಂಡವನ್ನೂ ತಮ್ಮೂರಿನಲ್ಲಿ 2-1ರಿಂದ ಸೋಲಿಸಿದರು. ಜರ್ಮನಿಯಲ್ಲಿ ಮಾತ್ರ 1-5 ಸೋತು ಹೊರಬಿದ್ದರು.

ಯುಗೊಸ್ಲಾವಿಯದ ಹೆಸರಾಂತ ಆಟಗಾರ ಡ್ರಾಗನ್ ಸ್ಟೊಯ್ಕೊವಿಚ್ ಇದೇ ಊರಿನ ಹುಡುಗ. 1986ರಲ್ಲಿ ರೆಡ್ ಸ್ಟಾರ್ ಸೇರುವ ಮೊದಲು ಇಲ್ಲೇ ಆಡಿದ್ದು.

ಒಬ್ಬೊಬ್ಬರು ಒಂದೊಂದು ಸುತ್ತಿನ ಬಗ್ಗೆ ಐದು ನಿಮಿಷ ಮಾತಾಡಿದರೆ ಸಾಕು. ಯಾವ ಸುತ್ತು ಬೇಕು ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಹಳೆ ಪಂದ್ಯದ ವಿಡಿಯೋ ಸಿಕ್ಕರೆ ಗುಂಪಿಗೆ ಹಾಕಿ. ಬರಲು ಆಗದವರು ದಯವಿಟ್ಟು ಮೊದಲೇ ತಿಳಿಸಿ. ಲಿಂಕ್ ಶನಿವಾರ ಕಳಿಸುತ್ತೇನೆ.