ಸಂಪಾದಕೀಯ: ಒಲೆಯ ಮೇಲೊಂದು ಪಾತ್ರೆ ನೀರು

ಕನ್ನಡ ತರಗತಿ ಮುಗಿಸಿ ಹೊರಡುವಾಗ ಐದು ವರ್ಷದ ಪುಟಾಣಿಯೊಬ್ಬಳು ನನ್ನ ಕೋಟಿನ ಅಂಚು ಹಿಡಿದೆಳೆದು, "ಆಂಟಿ, ಸಂಕ್ರಾಂತಿಯಲ್ಲಿ ಅಲಾರಂ ಯಾವಾಗ ಹೊಡೆಯುತ್ತದೆ?" ಎಂದು ಕೇಳಿದಳು. ಅವಳ ಲೆಕ್ಕದಲ್ಲಿ ಪೂಜೆ ಎಂದರೆ ಮೊದಲು ಗಂಟೆ, ಆಮೇಲೆ ಕರ್ಪೂರದಾರತಿ, ಆಮೇಲೆ ಚಾವಣಿಯ ಅಲಾರಂ, ಕಡೆಯಲ್ಲಿ ಎಲ್ಲರೂ ರೇಷ್ಮೆ ಸೀರೆಯ ಮೇಲೆ ಜಾಕೆಟ್ ಏರಿಸಿಕೊಂಡು ಚಳಿಯಲ್ಲಿ ಸಾಲಾಗಿ ನಿಲ್ಲುವುದು. ಮಗುವಿನದೇನೂ ತಪ್ಪಿಲ್ಲ. ದೀಪಾವಳಿಯಂದು ನಮ್ಮ ಪೂಜೆಯ ಹೊಗೆಗೆ ಸಭಾಂಗಣದ ಅಲಾರಂ ಹೊಡೆದಾಗ ಅವಳು ಕಂಡದ್ದೇ ಅದು.

ಆ ಸಂಜೆಯ ಫಲವಾಗಿ ಸಭಾಂಗಣದವರು ಹೊಸ ನಿಯಮಗಳ ಹಾಳೆ ಕಳಿಸಿದ್ದಾರೆ. ಊದುಬತ್ತಿ ಇಲ್ಲ, ಕರ್ಪೂರ ಇಲ್ಲ, ಸಾಂಬ್ರಾಣಿ ಇಲ್ಲ, ಎಣ್ಣೆ ದೀಪವೂ ಇಲ್ಲ. ಬ್ಯಾಟರಿಯ ದೀಪ ಆಗಬಹುದಂತೆ. ಈ ಬಗ್ಗೆ ಸಮಿತಿಯ ಸಭೆಯಲ್ಲಿ ಯಾರು ಯಾರಿಗೆ ಏನೆಂದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಳ್ಳು ಬೆಲ್ಲದ ಸಂಚಿಕೆಯಲ್ಲಿ ಒಳ್ಳೆಯ ಮಾತನ್ನೇ ಆಡಬೇಕಲ್ಲ!

ಜಗಳದ ನಡುವೆ ಸದಸ್ಯೆಯೊಬ್ಬರು ಮೆಲ್ಲನೆ ಹೇಳಿದ ಮಾತು ಮಾತ್ರ ಬರೆಯುವಂಥದು. ಸಭಾಂಗಣದ ಅಡುಗೆಮನೆಯಲ್ಲಿ ಒಲೆ ಇದೆ, ಅದರ ಮೇಲೆ ನೀರು ಕಾಯಿಸಲು ಯಾರ ಅಡ್ಡಿಯೂ ಇಲ್ಲ. ಇಲ್ಲಿನವರು ಡಿಸೆಂಬರಿನಲ್ಲಿ ಕಿತ್ತಳೆ ಸಿಪ್ಪೆ, ಚಕ್ಕೆ, ಲವಂಗ, ಒಂದು ಹಿಡಿ ಕ್ರ್ಯಾನ್‌ಬೆರಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ ಮನೆ ಘಮಘಮಿಸುವಂತೆ ಮಾಡುತ್ತಾರಲ್ಲ, ಸಿಮ್ಮರ್ ಪಾಟ್ ಎನ್ನುತ್ತಾರಲ್ಲ, ಅದನ್ನೇ ನಾವೂ ಮಾಡಿದರೇನು? ಹೊಗೆ ಇಲ್ಲ, ಬೂದಿ ಇಲ್ಲ, ಅಲಾರಂ ಇಲ್ಲ.

ಮನೆಯಲ್ಲಿ ಮಾಡಿ ನೋಡಿದೆ. ಮಧ್ಯಮ ಗಾತ್ರದ ದಪ್ಪ ತಳದ ಪಾತ್ರೆಗೆ ಒಂದೂವರೆ ಲೀಟರ್ ನೀರು, ಎರಡು ಕಿತ್ತಳೆಯ ಸಿಪ್ಪೆ, ಬೆರಳುದ್ದದ ಎರಡು ಚಕ್ಕೆ, ಏಳೆಂಟು ಲವಂಗ, ಜಜ್ಜಿದ ನಾಲ್ಕು ಏಲಕ್ಕಿ, ಒಂದು ಚಕ್ರಮೊಗ್ಗು. ಕುದಿ ಬಂದೊಡನೆ ಉರಿ ಪೂರಾ ತಗ್ಗಿಸಬೇಕು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಸಾಕು. ಕಿತ್ತಳೆಯ ಎಣ್ಣೆ ಇರುವುದು ಸಿಪ್ಪೆಯ ಹೊರಮೈಯ ಚುಕ್ಕೆಗಳಲ್ಲಿ, ಒಳಗಿನ ಬಿಳಿ ಭಾಗದಲ್ಲಲ್ಲ. ಹಬೆಯ ಜೊತೆ ಮೊದಲು ಏಳುವುದೂ ಮೊದಲು ಮುಗಿಯುವುದೂ ಅದೇ. ಹಾಗಾಗಿ ನಡುವೆ ಹೊಸ ಸಿಪ್ಪೆ ಸೇರಿಸಿ. ಚಕ್ಕೆ ಲವಂಗ ನಿಧಾನದವು, ಕೊನೆಯವರೆಗೆ ನಿಲ್ಲುತ್ತವೆ. ಇವುಗಳ ಎಣ್ಣೆ ಕುದಿಯಬೇಕಾದರೆ ನೂರು ಡಿಗ್ರಿಗಿಂತ ಎಷ್ಟೋ ಹೆಚ್ಚು ಶಾಖ ಬೇಕು, ಆದರೂ ನೀರಿನ ಹಬೆಯ ಬೆನ್ನೇರಿ ಸುಲಭವಾಗಿ ಹೊರಬರುತ್ತವೆ. ನೂರು ವರ್ಷ ದಾಟಿದ ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ನಿಂತಿರುವುದೂ ಈ ತತ್ತ್ವದ ಮೇಲೆಯೇ. ಅಲ್ಲಿ ಹಬೆಯನ್ನು ಹಿಡಿದು ತಣಿಸಿ ಎಣ್ಣೆ ತೆಗೆಯುತ್ತಾರೆ, ನಾವು ಹಾಗೇ ಮನೆಯೊಳಗೆ ಬಿಟ್ಟುಬಿಡುತ್ತೇವೆ.

ಪುಡಿ ಮಸಾಲೆ ಹಾಕಬೇಡಿ, ಗಸಿಯಾಗಿ ತಳ ಹಿಡಿಯುತ್ತದೆ. ಊದುಬತ್ತಿಯ ಆಸೆಗೆ ಕರ್ಪೂರವನ್ನಂತೂ ಹಾಕಲೇಬೇಡಿ. ಅದು ಬೆಂಕಿ ಹಿಡಿಯುವ ಪದಾರ್ಥ, ಅದರ ಆವಿ ಪುಟ್ಟ ಮಕ್ಕಳಿಗೆ ಒಳ್ಳೆಯದಲ್ಲ. ಇನ್ನೊಂದು ಮಾತು: ಒಗ್ಗರಣೆಯ ವಾಸನೆ ಮುಚ್ಚಲೆಂದು ಈ ಪಾತ್ರೆ ಇಡುವವರಿದ್ದಾರೆ. ಅದು ವಾಸನೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದನ್ನು ಕೂರಿಸುತ್ತದೆ, ಅಷ್ಟೆ. ಕಿಟಕಿ ತೆರೆಯಿರಿ, ಕೋಟುಗಳನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿ. ಇಂಗು ಕರಿಬೇವಿಗೆ ಕ್ಷಮೆ ಕೇಳುವ ಅಗತ್ಯ ನನಗಂತೂ ಕಂಡಿಲ್ಲ.

ಮೂಲೆಯಲ್ಲಿ ನೀರು ಸಣ್ಣಗೆ ಕುದಿಯುತ್ತಿರಲು ನನಗೆ ನೆನಪಾದದ್ದು ಡಿಸೆಂಬರ್ ಅಲ್ಲ, ಮಲೆನಾಡಿನ ಸಾಗರದ ಕಡೆಯ ಅಜ್ಜನ ಮನೆಯ ಬಚ್ಚಲು. ಚಿಕ್ಕಮ್ಮ ಬಾಣಂತನಕ್ಕೆ ಬಂದಿದ್ದರು. ಅಜ್ಜಿ ಬೆಳಗಿನ ಜಾವಕ್ಕೇ ಎದ್ದು ಬಚ್ಚಲೊಲೆಗೆ ಕುಂಟೆ ತುರುಕಿ, ತಾಮ್ರದ ಹಂಡೆಗೆ ಬಾಣಂತಿ ಸ್ನಾನದ ಲಕ್ಕಿ ಸೊಪ್ಪನ್ನು ಕಡ್ಡಿಸಮೇತ ಬಗ್ಗಿಸಿ ಅದುಮುತ್ತಿದ್ದರು. ಮೇಲೆ ತೇಲಿದ ಎಲೆಯನ್ನು ಬಿದಿರು ಕೋಲಿನಿಂದ ಒತ್ತಿದಷ್ಟೂ ಇನ್ನೊಂದು ಬದಿಯಿಂದ ಮೇಲೇಳುತ್ತಿತ್ತು. ನೀರು ಹಸಿರಿನಿಂದ ಕಂದಾಗುವ ಹೊತ್ತಿಗೆ ಕಹಿಗಹಿ ಘಾಟು ಬಚ್ಚಲ ಹೊಸ್ತಿಲು ದಾಟಿ ಅಡುಗೆಮನೆ, ನಡುಮನೆ, ಜಗುಲಿಯವರೆಗೂ ಬರುತ್ತಿತ್ತು. ಜಗುಲಿಯಲ್ಲಿ ಮಗ್ಗಿ ಹೇಳುತ್ತಿದ್ದ ನಮಗೆ ಹದಿಮೂರರ ಮಗ್ಗಿ ತಪ್ಪಿದರೆ ಆ ಘಾಟೇ ಕಾರಣ. ಮಕ್ಕಳು ಅತ್ತ ಸುಳಿಯುವಂತಿರಲಿಲ್ಲ, "ಕಾದ ನೀರು, ದೂರ!" ಎಂದು ಅಜ್ಜಿಯ ಗದರಿಕೆ. ಸ್ನಾನ ಮುಗಿದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಅದರ ಮೇಲೆ ಬಿದಿರು ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಮಗುವಿನ ಬಟ್ಟೆ ಹರವುತ್ತಿದ್ದರು. ಚಿಕ್ಕಮ್ಮನ ಕೂದಲೂ ಅದೇ ಹೊಗೆಯಲ್ಲಿ ಆರುತ್ತಿತ್ತು. ಬೆಂದ ಸೊಪ್ಪು ತೆಂಗಿನ ಬುಡಕ್ಕೆ. ತೊಡೆಯ ಮೇಲೆ ಮಲಗಿಸಿಕೊಂಡಿದ್ದಾಗ ಮಗುವಿನ ನೆತ್ತಿಯಿಂದ ಬರುತ್ತಿದ್ದ ಎಣ್ಣೆ, ಸೊಪ್ಪು, ಸಾಂಬ್ರಾಣಿಯ ಮಿಶ್ರಣವನ್ನು ಯಾವ ಅಂಗಡಿಯ ಮೇಣದಬತ್ತಿಯೂ ಕೊಟ್ಟಿಲ್ಲ. ಆ ಮಗು ಈಗ ಬೆಂಗಳೂರಿನಲ್ಲಿ ಎಂಜಿನಿಯರ್, ಫೋನಿನಲ್ಲಿ ಇದನ್ನು ಹೇಳಿದರೆ ನಾಚಿಕೊಳ್ಳುತ್ತಾನೆ.

ಲಕ್ಕಿ ಸೊಪ್ಪು ಇಲ್ಲಿ ಸಿಗುವುದಿಲ್ಲ. ಆದರೂ ಸೊಪ್ಪು ಸಿಪ್ಪೆ ಕುದಿಸಿ ಮನೆ ತುಂಬಿಸುವ ವಿದ್ಯೆ ನಮಗೆ ಹೊಸದೇನಲ್ಲ. ಹಾಗಾಗಿ ಸಂಕ್ರಾಂತಿಗೆ ಬಾಗಿಲಲ್ಲಿ ಕಿತ್ತಳೆ ಏಲಕ್ಕಿಯ ಹಬೆ ಇರಲಿ ಎಂದು ಸಮಿತಿ ಒಪ್ಪಿದೆ.

ಜಾಗ ಕಡಿಮೆ, ಸೂಚನೆಗಳು ಅವಸರದಲ್ಲಿ: ಸಂಕ್ರಾಂತಿ ಕೂಟ ಜನವರಿಯ ಮೂರನೆಯ ಶನಿವಾರ ಸಂಜೆ ನಾಲ್ಕಕ್ಕೆ, ನಾಲ್ಕಕ್ಕೇ, ಐದೂವರೆಗಲ್ಲ. ಸಕ್ಕರೆ ಅಚ್ಚು ಮಾಡುವವರು ಅಚ್ಚಿನ ಮರಗಳನ್ನು ಹಿಂದಿರುಗಿಸಿ, ಎರಡು ಇನ್ನೂ ಬಂದಿಲ್ಲ. ಎಳ್ಳು ಬೆಲ್ಲದ ಪೊಟ್ಟಣ ಕಟ್ಟುವುದು ಹಿಂದಿನ ದಿನ ರಾತ್ರಿ, ಕಡಲೆಬೀಜಕ್ಕೆ ಅಲರ್ಜಿ ಇರುವ ಮಕ್ಕಳ ತಂದೆ ತಾಯಿ ಮೊದಲೇ ತಿಳಿಸಿ. ಪುಷ್ಯ ಅಮಾವಾಸ್ಯೆಯ ಪುರಂದರದಾಸರ ಆರಾಧನೆಗೆ ಹಾಡುವವರು ಹೆಸರು ಕೊಡಿ, ದಾಸರ ಒಂಬತ್ತು ಕೃತಿಗಳ ನವರತ್ನ ಮಾಲಿಕೆಗೆ ಇಬ್ಬರು ಕಡಿಮೆ ಇದ್ದಾರೆ. ಬರಲಾಗದ ಹಿರಿಯರಿಗೆ ಕಾರು ಬೇಕಿದ್ದರೆ ಸಮಿತಿಗೆ ಫೋನ್ ಮಾಡಿ.

ಕೊನೆಯದಾಗಿ, ಇದನ್ನು ಬರೆಯುವಾಗ ರಾತ್ರಿ ಒಂದು ಗಂಟೆ, ಮುದ್ರಕರಿಗೆ ಬೆಳಗ್ಗೆ ಎಂಟಕ್ಕೆ ಕಳಿಸಬೇಕು. ಪುಟ ಜೋಡಿಸಲು, ಕರಡು ತಿದ್ದಲು ಇನ್ನೊಬ್ಬರು ಸಿಕ್ಕಿದರೆ ಯುಗಾದಿ ಸಂಚಿಕೆ ಯುಗಾದಿಗೇ ಬರುತ್ತದೆ. ಕನ್ನಡ ಟೈಪಿಂಗ್ ಬಾರದಿದ್ದರೆ ಹೇಳಿಕೊಡುತ್ತೇನೆ. ಸಂಕ್ರಾಂತಿಯ ದಿನಕ್ಕೆ ಹತ್ತು ಲೀಟರಿನ ಪಾತ್ರೆಯೊಂದು ಬೇಕು. ಒಲೆಯ ಬಳಿ ಸರದಿಯಂತೆ ನಿಂತು ನೀರು ಹೊಯ್ಯಲು ನಾಲ್ವರು ಒಪ್ಪಿದ್ದಾರೆ, ಕಾರ್ಯಕ್ರಮ ಮುಗಿದ ಮೇಲೆ ಆ ಪಾತ್ರೆ ತೊಳೆಯುವವರು ಇನ್ನೂ ಯಾರೂ ಮುಂದೆ ಬಂದಿಲ್ಲ.