ಹಳೇ ಗೋಡೆಗೆ ಸಿಮೆಂಟ್ ಮೆತ್ತಬೇಡಿ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಭಾನುವಾರ ನಿಮ್ಮ ಪೇಪರಲ್ಲಿ ಬೆಂಗಳೂರಿನ ಹಳೇ ಕಟ್ಟಡಗಳ ಬಗ್ಗೆ ಒಂದು ಪೂರ್ತಿ ಪುಟ ಬಂದಿತ್ತಲ್ಲ, ಖುಷಿಯಾಗಿ ಓದಕ್ಕೆ ಕೂತೆ, ಕಾಫಿ ಆರೋ ಅಷ್ಟರಲ್ಲಿ ಮುಗ್ದೇ ಹೋಯ್ತು. ಅದೇ ಅಠಾರಾ ಕಚೇರಿ (ಈಗಿನ ಹೈಕೋರ್ಟ್ ಕಟ್ಟಡ), ಅದೇ ವಿಧಾನಸೌಧ, ಅದೇ ಲಾಲ್‌ಬಾಗಿನ ಗಾಜಿನ ಮನೆ. ಯಾರು ಅಡಿಗಲ್ಲು ಹಾಕಿದ್ರು, ಯಾವ ಇಸವಿ, ಯಾವ ದೊರೆ, ಅಷ್ಟೇ. ಗೋಡೆ ಯಾವುದ್ರಲ್ಲಿ ಕಟ್ಟಿದ್ರು, ಸೂರು ಹೇಗೆ ನಿಂತಿದೆ, ಈ ಬಗ್ಗೆ ಒಂದು ಸಾಲೂ ಇಲ್ಲ. ಕೊಂಕು ತೆಗೀಬೇಕು ಅಂತ ಬರೀತಿಲ್ಲ, ನಮ್ಮನೆ ಗೋಡೆ ನೋಡಿ ನೋಡಿ ಹೊಟ್ಟೆ ಉರಿದು ಬರೀತಿದೀನಿ.

ನಮ್ದು ಮಲ್ಲೇಶ್ವರದಲ್ಲಿ ಮಂಕಿ ಟಾಪ್ ಮನೆ. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟು ಬಂದ ಜನದಿಂದ ಮಲ್ಲೇಶ್ವರ, ಬಸವನಗುಡಿ ಎರಡೂ ತುಂಬಿಕೊಂಡ್ವಲ್ಲ, ಅದಾದ್ಮೇಲೆ ನಮ್ಮ ಮುತ್ತಾತ ಕಟ್ಟಿಸಿದ್ದು. ಮಂಕಿ ಟಾಪ್ ಅಂದ್ರೇನು ಅಂತ ಈಗಿನ ಹುಡುಗ್ರು ಕೇಳ್ತಾರೆ. ಕಿಟಕಿ ಮೇಲೆ, ವರಾಂಡದ ಮುಂದೆ ಮರದ ಪಟ್ಟಿ ಹೊಡೆದು ಟೋಪಿ ಥರ ಚೂಪಾಗಿ ಇಳಿಸಿರ್ತಾರಲ್ಲ, ಅದು. ಬಿಸಿಲು ಮಳೆ ಒಳಗೆ ಬರಲ್ಲ, ಗಾಳಿ ಮಾತ್ರ ಬರುತ್ತೆ. ಮೇಲೆ ಕೋತಿಗಳು ಕೂರ್ತಿದ್ವು ಅದಕ್ಕೇ ಆ ಹೆಸ್ರು ಅಂತಿದ್ರು ನಮ್ಮಜ್ಜಿ, ಅಜ್ಜಿ ಹೇಳಿದ್ದು, ಎಷ್ಟು ನಿಜಾನೋ.

ಆದ್ರೆ ನೋಡೋರೆಲ್ಲ ಮುಂದುಗಡೆ ಟೋಪಿ ನೋಡಿ ಫೋಟೋ ತಗೊಂಡು ಹೋಗ್ತಾರೆ, ತಲೆ ಎತ್ತಿ ಒಳಗಿನ ಸೂರು ಯಾರೂ ನೋಡಲ್ಲ. ಅದು ಮದ್ರಾಸ್ ತಾರಸಿ. ತೇಗದ ತೊಲೆಗಳನ್ನ ಒಂದೊಂದೂವರೆ ಅಡಿಗೆ ಒಂದರಂತೆ ಇಟ್ಟು, ಅದರ ಮೇಲೆ ತೆಳ್ಳಗಿನ ಸಣ್ಣ ಇಟ್ಟಿಗೆಗಳನ್ನ ಮಲಗಿಸದೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಮಧ್ಯೆ ಸುಣ್ಣದ ಗಾರೆ ತುಂಬಿ, ಮೇಲೆ ಇಟ್ಟಿಗೆ ಚೂರು ಸುಣ್ಣ ಕಲಸಿ ಹಾಕಿ ಬಡೀಬೇಕು. ಬಡಿಯೋದು ಅಂದ್ರೆ ಒಂದಿನ ಎರಡು ದಿನ ಅಲ್ಲ, ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಮರದ ಹಲಗೆಯಲ್ಲಿ ತಟ್ಟುತಾ, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸ್ತಾ, ಹಾಡು ಹೇಳ್ಕೊಂಡು ದಿನಗಟ್ಟಲೆ ಬಡೀತಿದ್ರಂತೆ. ಹಲಗೆ ಪುಟಿದು ವಾಪಸ್ ಬರಬೇಕು, ಅಲ್ಲೀವರೆಗೂ ಬಿಡೋ ಹಾಗಿಲ್ಲ. ಏಪ್ರಿಲ್‌ನಲ್ಲೂ ನಮ್ಮ ನಡುಮನೇಲಿ ಮಧ್ಯಾಹ್ನ ಫ್ಯಾನ್ ಹಾಕದೆ ಮಲಗ್ತಿದ್ವಿ.

ಮಲಗ್ತಿದ್ವಿ ಅಂದೆ, ಈಗ ಇಲ್ಲ. ಐದು ವರ್ಷದ ಹಿಂದೆ ಒಂದು ಮೂಲೇಲಿ ಸೋರಕ್ಕೆ ಶುರುವಾಯ್ತು, ಒಬ್ಬ ಕಂಟ್ರಾಕ್ಟರ್‌ನ ಕರೆಸಿದ್ವಿ. ಆತ ಗೋಡೆ ಕುಟ್ಟಿ ನೋಡಿ "ಸಾರ್ ಇದು ಬರೀ ಸುಣ್ಣ ಮಣ್ಣು, ಸ್ಟ್ರೆಂತೇ ಇಲ್ಲ, ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಹೊಡೆದುಬಿಡೋಣ, ಇನ್ನು ನೂರು ವರ್ಷ ನೋಡೋ ಹಾಗಿಲ್ಲ" ಅಂದ. ನಾವೂ ತಲೆ ಆಡಿಸಿದ್ವಿ, ತಪ್ಪು ನಮ್ದೂ ಇದೆ. ಎರಡನೇ ಮಳೆಗಾಲಕ್ಕೆ ಪೇಂಟ್ ಗುಳ್ಳೆ ಎದ್ದು ಬಿಳೀ ಉಪ್ಪು ಹೊರಗೆ ಬಂತು. ಬೆರಳಲ್ಲಿ ಒತ್ತಿದ್ರೆ ಸಿಮೆಂಟಿನ ಪದರ ಹಪ್ಪಳದ ಥರ ಕೈಗೇ ಬಂತು ಸ್ವಾಮಿ, ಅದರ ಹಿಂದೆ ಇಟ್ಟಿಗೆ ಕೆಂಪು ಪುಡಿಯಾಗಿ ಜರ್ ಅಂತ ಉದುರ್ತು. ಆಮೇಲೆ ತಿಳಿದೋರು ಹೇಳಿದ್ದು, ಸುಣ್ಣದ ಗೋಡೆ ಉಸಿರಾಡುತ್ತೆ, ನೆಲದಿಂದ ಏರಿದ ನೀರು ಮೈಯಿಂದಾನೇ ಆರಿ ಹೋಗುತ್ತೆ. ಸಿಮೆಂಟ್ ಮೆತ್ತಿದ್ರೆ ದಾರಿ ಮುಚ್ಚಿ ನೀರೆಲ್ಲ ಒಳಗೇ ನಿಂತು ಇಟ್ಟಿಗೇನ, ಗೋಡೆಗೆ ಸಿಕ್ಕಿಸಿದ ತೊಲೆ ತುದೀನ ತಿನ್ನುತ್ತೆ. ಸುಣ್ಣ ಮೆತ್ತಗಿರೋದು ದೋಷ ಅಲ್ಲ, ಅದಕ್ಕೇ ಅದು ಬಾಳಿಕೆ ಬರೋದು.

ಈಗ ನಿಮ್ಮ ಪುಟದ ಕಟ್ಟಡಗಳಿಗೇ ಬನ್ನಿ. 1791ರಲ್ಲಿ ಮುಗಿದ ಟಿಪ್ಪು ಅರಮನೆ ತೇಗದ ಕಂಬದ ಮೇಲೆ ನಿಂತಿದೆ, ಬ್ರಿಟಿಷರ ಆಫೀಸೆಲ್ಲ ಅಲ್ಲೇ ಇತ್ತು, ಜಾಗ ಸಾಲದೆ ಕಮಿಷನರ್ ಬೌರಿಂಗ್ ಕಾಲದಲ್ಲಿ ಇಂಜಿನಿಯರ್ ಸ್ಯಾಂಕಿ ಪ್ಲಾನ್ ಹಾಕಿ 1868ಕ್ಕೆ ಅಠಾರಾ ಕಚೇರಿ ಮುಗಿಸಿದ್ದು, 18 ಇಲಾಖೆ ಇದ್ವು, ಅಠಾರಾ ಅಂದ್ರೆ ಹದಿನೆಂಟು, ಅದಕ್ಕೇ ಆ ಹೆಸ್ರು. ಆಗ ನಮ್ಮ ದೇಶದಲ್ಲಿ ಸಿಮೆಂಟ್ ಫ್ಯಾಕ್ಟರೀನೇ ಇರ್ಲಿಲ್ಲ. ಅಂಥ ಅಠಾರಾ ಕಚೇರೀನ 1980ರ ದಶಕದಲ್ಲಿ ಕೆಡವಕ್ಕೆ ಹೊರಟಿದ್ರು, ಜನ ಕೋರ್ಟಿಗೆ ಹೋದ್ರು, ಆ ಕೋರ್ಟೂ ಇದ್ದಿದ್ದು ಅದೇ ಕಟ್ಟಡದಲ್ಲಿ! ಅಂತೂ ಉಳೀತು, ಈಗ್ಲೂ ಕೆಂಪಗೆ ನಿಂತಿದೆ. ಕೆಡವೋ ಮಾತು ಬಂದ್ರೆ ಕೂಗಾಡಕ್ಕೆ ಜನ ಇದಾರೆ, ರಿಪೇರಿ ಹೆಸರಲ್ಲಿ ಕೊಲ್ಲೋವಾಗ ಯಾರಿಗೂ ಗೊತ್ತೇ ಆಗಲ್ಲ, ನನ್ನ ತಕರಾರು ಇಷ್ಟೇ.

ವಿಧಾನಸೌಧದ್ದು ಬೇರೆ ಕಥೆ, ಅದು ಕಲ್ಲು. 1951ರಲ್ಲಿ ನೆಹರು ಅಡಿಗಲ್ಲು ಹಾಕಿದ್ದು ನೀವೂ ಬರೆದಿದೀರಿ, ಆದ್ರೆ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿ ಬಂದ್ಮೇಲೆ ಮೊದಲಿನ ಸಾದಾ ಪ್ಲಾನ್ ಬಿಟ್ಟು ದೇವಸ್ಥಾನದ ಥರ ಮಾಡಿಸಿದ್ದು, ಆ ಕಲ್ಲು ಕೆತ್ತನೆಗೆ ಜೈಲಿನ ಕೈದಿಗಳೂ ದುಡಿದಿದ್ದು ಬರೀಲಿಲ್ಲ. ಇನ್ನೊಂದು, ಬಸವನಗುಡಿ ಕೃಷ್ಣರಾವ್ ಪಾರ್ಕಲ್ಲಿ ದಿನಾ ವಾಕಿಂಗ್ ಮಾಡೋರು ಅಲ್ಲಿನ ಪೆವಿಲಿಯನ್ ಯಾರ ಡಿಸೈನ್ ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ. ಹಿಟ್ಲರ್ ಕಾಟಕ್ಕೆ ಜರ್ಮನಿ ಬಿಟ್ಟು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದ ಓಟೋ ಕೋನಿಗ್ಸ್‌ಬರ್ಗರ್ ಅವರದ್ದು. ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆ, ಅದರ ಒಳಗೂ ಅವರ ಕಟ್ಟಡಗಳಿವೆ. ಇಂಥದ್ದಕ್ಕೆ ಅರ್ಧ ಪುಟ ಕೊಡಬಹುದಿತ್ತು.

ಸರ್ಕಾರದೋರಿಗೆ ನಂದೊಂದೇ ವಿನಂತಿ, ನೂರು ವರ್ಷ ದಾಟಿದ ಕಟ್ಟಡದ ರಿಪೇರಿಗೆ ಟೆಂಡರ್ ಕರೆಯೋವಾಗ ಸುಣ್ಣದ ಕೆಲಸ ಗೊತ್ತಿರೋ ಮೇಸ್ತ್ರಿ ಇರಲೇಬೇಕು ಅಂತ ಒಂದು ಸಾಲು ಸೇರಿಸಿ. ಮನೆ ಇರೋರಿಗೂ ಅದೇ ಮಾತು, ಕೆಡವೋದು ಬಿಡೋದು ನಿಮ್ಮಿಷ್ಟ, ಇಟ್ಕೊಳೋದಾದ್ರೆ ಸಿಮೆಂಟ್ ಮುಟ್ಟಿಸಬೇಡಿ.

ಮುಂದಿನ ತಿಂಗಳು ನಾವು ಮುಂದಿನ ಗೋಡೆ ಪೂರ್ತಿ ಕೆರೆಸ್ತಾ ಇದೀವಿ. ಅಂತೂ ಇಂತೂ ವಯಸ್ಸಾದ ಗಾರೆ ಮೇಸ್ತ್ರಿ ಒಬ್ರು ಸಿಕ್ಕಿದಾರೆ, ಸುಣ್ಣ ಆಗ್ಲೇ ತೊಟ್ಟೀಲಿ ನೆನೀತಿದೆ, ಕೊಳೀಲಿ ಬಿಡಿ ಆತುರ ಬೇಡ ಅಂತಾರೆ ಅವ್ರು. ನಿಮ್ಮ ರಿಪೋರ್ಟರ್‌ನ ಕಳಿಸಿ, ಕಾಫಿ ನಮ್ಮ ಕಡೆಯಿಂದ, ಫೋಟೋ ಮಾತ್ರ ಟೋಪಿದಲ್ಲ, ಗೋಡೇದು ತೆಗೀಲಿ.

ಇತಿ,
ಮಲ್ಲೇಶ್ವರದ ಹಳೇ ಓದುಗ